ಹುಲಿಗೆವ್ವನ ಗಿರ್ಮಿಟ್ ಕಳವು

“ಉಳ್ಳಾಗಡ್ಡಿ ಹೆಚ್ಚೀನ್ರಿ ಹವಾಲ್ದಾರ್ರ, ಎಣ್ಣಿನೂ ಕಾಯಾಕ ಇಟ್ಟೀನಿ. ಅದರ ಮುಂದ ಏನ್ ಮಾಡಬೇಕು ಅನ್ನೋದ ತಿಳೀವಲ್ದು,” ಎಂದಳು ಹುಲಿಗೆವ್ವ, ಠಾಣೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ. ಕೈಯಲ್ಲಿ ಸೌಟು ಹಾಗೆಯೇ ಇತ್ತು. ಅದನ್ನು ಕೆಳಗಿಟ್ಟು ಬರುವಷ್ಟೂ ಅವಳಿಗೆ ನಿಧಾನ ಇರಲಿಲ್ಲ.

“ಕೂಡ್ರವ್ವಾ, ಮೊದಲ ನೀರು ಕುಡಿ,” ಎಂದೆ.

“ನೀರು ನಮ್ಮನ್ಯಾಗೂ ಅದಾವ್ರಿ. ನನಗ ನನ್ನ ಗಿರ್ಮಿಟ್ ಬೇಕು. ಯಾವನೋ ಕೈಯಾಗಿಂದ ಒಯ್ದಾನ.”

ಹುಲಿಗೆವ್ವನ ಗಿರ್ಮಿಟ್ ಎಂದರೆ ನಮ್ಮ ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಟಾಕೀಜಿನ ಎದುರು, ಸೈಕಲ್ ಸ್ಟ್ಯಾಂಡಿನ ಮಗ್ಗುಲಲ್ಲಿ ಅವಳ ಗಾಡಿ. ಚುರುಮುರಿ ಎಲ್ಲರಲ್ಲೂ ಸಿಗುತ್ತದೆ, ಹುಣಸೆ ಬೆಲ್ಲದ ಗೊಜ್ಜು ಎಲ್ಲರೂ ಕಾಯಿಸುತ್ತಾರೆ, ಪುಟಾಣಿ ಹಿಟ್ಟು ಉದುರಿಸಲು ಯಾರಿಗೆ ಬರುವುದಿಲ್ಲ? ಆದರೆ ಅವಳು ಕಲಸಿ ಕೊಟ್ಟದ್ದನ್ನು ತಿಂದವರು ಸಿನಿಮಾ ಶುರುವಾಗಿದ್ದನ್ನೂ ಮರೆತು ಇನ್ನೊಂದು ಪೊಟ್ಟಣಕ್ಕೆ ನಿಲ್ಲುತ್ತಿದ್ದರು. ಜೊತೆಗೆ ಕರಿದ ಮಿರ್ಚಿ. ಹೆರಿಗೆಗೆ ಹೊರಟ ಹೆಣ್ಣುಮಕ್ಕಳು ಆಟೋ ನಿಲ್ಲಿಸಿ ತಿಂದು ಹೋದದ್ದನ್ನು ನಾನೇ ಕಂಡಿದ್ದೇನೆ.

ನಮ್ಮ ಊರಲ್ಲಿ ಒಬ್ಬರ ಕೈಗುಣ ಒಬ್ಬರ ಕೈಯಲ್ಲಷ್ಟೇ ಇರುತ್ತದೆ. ಬೇರೆಯವರು ಅದನ್ನು ಕದ್ದು ಕಲಿತರೆ ಮೊದಲಿನವರ ಕೈ ಬರಿದಾಗುತ್ತದೆ. ಪ್ರೀತಿಯಿಂದ ಕಲಿಸಿಕೊಟ್ಟರೂ ಅಷ್ಟೇ. ಮಗಳ ಮದುವೆಯ ಹಿಂದಿನ ದಿನ ತಾಯಿ ಬಾಗಿಲು ಹಾಕಿಕೊಂಡು ತನ್ನ ಸಾರನ್ನು ಕಲಿಸುತ್ತಾಳೆ. ಆಮೇಲೆ ಆ ಸಾರು ನೆನಪಾದಾಗಲೆಲ್ಲ ಬೀಗರ ಮನೆಗೆ ಹೋಗಿ ಉಂಡು, ಉಪ್ಪು ಕಡಿಮೆ ಎಂದು ಗೊಣಗಿ ಬರುತ್ತಾಳೆ. ಅದಕ್ಕಾಗಿಯೇ ಇಲ್ಲಿ ಯಾರಾದರೂ ಕೆಲಸಕ್ಕೆ ಕೈ ಹಾಕಿದರೆ ಉಳಿದವರು ಬೆನ್ನು ತಿರುಗಿಸುತ್ತಾರೆ. ದರ್ಜಿ ಬಟ್ಟೆಗೆ ಕತ್ತರಿ ಇಟ್ಟ ಕೂಡಲೇ ಗಿರಾಕಿ ಬೀದಿ ನೋಡುತ್ತಾನೆ. ಕ್ಷೌರಿಕ ಮೊದಲು ಗಿರಾಕಿಯ ಕಣ್ಣಿಗೆ ಟವೆಲ್ ಕಟ್ಟಿ ಆಮೇಲೆ ಕ್ರಾಪು ತೆಗೆಯುತ್ತಾನೆ. ನನ್ನ ಹೆಂಡತಿ ಹೋಳಿಗೆ ಲಟ್ಟಿಸುವಾಗ ನಾನು ಗೋಡೆಗೆ ಮುಖ ಮಾಡಿ ಕೂರುತ್ತೇನೆ. ಹೊರಗಿನಿಂದ ಬಂದ ನೆಂಟರು ನಾವು ಜಗಳವಾಡಿದ್ದೇವೆ ಎಂದುಕೊಳ್ಳುತ್ತಾರೆ. ಅದು ಮರ್ಯಾದೆ, ಅಷ್ಟೇ.

ಹುಲಿಗೆವ್ವನ ಗಾಡಿಯ ಮುಂದಂತೂ ಸಂಜೆ ಹೊತ್ತಿಗೆ ಹತ್ತಾರು ಜನ ಬೆನ್ನು ಕೊಟ್ಟು, ಟಾಕೀಜಿನ ಪೋಸ್ಟರ್ ನೋಡುತ್ತ ನಿಂತಿರುತ್ತಿದ್ದರು. ಒಗ್ಗರಣೆ ಚಟಪಟ ಅನ್ನಬೇಕು, ಚುರುಮುರಿ ಸರಸರ ಅನ್ನಬೇಕು, ಕೊನೆಗೆ ಅವಳು ಬೋಗುಣಿಯ ಅಂಚಿಗೆ ಸೌಟಿನಿಂದ ಟಣ್ ಟಣ್ ಎಂದು ಎರಡು ಸಲ ಬಡಿಯಬೇಕು. ಆಗ ಎಲ್ಲರೂ ತಿರುಗಿ ಕೈ ಚಾಚುವುದು.

ಕೈಗುಣದ ಕಳವಿಗೆ ಸರ್ಕಾರ ಬೇರೆಯೇ ಠಾಣೆ ಕೊಟ್ಟಿದೆ. ಹಾಳೆಯ ಮೇಲೆ ಅದಕ್ಕೆ ಉದ್ದದ ಹೆಸರಿದೆ, ಜನ ಕರೆಯುವುದು ಒಲಿ ಠಾಣೆ ಎಂದು. ಯಾಕೆಂದರೆ ನಮ್ಮಲ್ಲಿ ಲಾಕಪ್ಪಿನ ಜಾಗದಲ್ಲಿ ಒಲೆ ಇದೆ. ಒಂದು ಹೊಲಿಗೆ ಯಂತ್ರ, ಒತ್ತಿದರೆ ಎರಡು ಮನೆ ಮೇಲೇಳದ ಹಾರ್ಮೋನಿಯಂ, ಉಳಿ ಸುತ್ತಿಗೆ, ಕುಂಬಾರನ ತಿಗರಿ, ರಂಗೋಲಿ ಹಿಟ್ಟಿನ ಡಬ್ಬಿ. ಅನುಮಾನ ಬಂದವರನ್ನು ಕರೆದು ಅವುಗಳ ಮುಂದೆ ಕೂರಿಸುತ್ತೇವೆ. ಬಾಯಿ ಎಷ್ಟಾದರೂ ಸುಳ್ಳು ಹೇಳಲಿ, ಸಾಮಾನು ಮುಂದಿಟ್ಟರೆ ಕೈ ಸುಮ್ಮನಿರುವುದಿಲ್ಲ, ತನಗೆ ಬಂದದ್ದನ್ನು ಮಾಡಿಬಿಡುತ್ತದೆ. ಮೇಲಿನವರಿಗೆ ಇದು ಎಂದೂ ಅರ್ಥವಾಗಿಲ್ಲ. ನಾವು ಒಂದು ಇಡ್ಲಿ ಪಾತ್ರೆ ಕಳಿಸಿ ಎಂದು ಕೇಳಿಕೊಂಡರೆ ಅವರು ಕೈಕೋಳ ಕಳಿಸಿದರು. ಅವನ್ನು ಗೋಡೆಗೆ ಬಡಿದು ಜಾಲರಿ, ಚಿಮಟ ತೂಗು ಹಾಕಿದ್ದೇವೆ.

ಕಳ್ಳನನ್ನು ಹಿಡಿಯುವುದು ಹೀಗೆ ಸುಲಭ. ಮಾಲು ವಾಪಸು ಪಡೆಯುವುದೇ ಕಷ್ಟ. ಒಯ್ದವನು ತಾನಾಗಿ, ಮನಸ್ಸಿಟ್ಟು ಕಲಿಸಿಕೊಟ್ಟರೆ ಮಾತ್ರ ಅದು ಮೊದಲಿನ ಕೈಗೆ ಮರಳುತ್ತದೆ. ನನಗಿಂತ ಮುಂಚೆ ಇದ್ದ ಒಬ್ಬ ಸಾಹೇಬರು, ಬ್ಯಾಂಡಿನವನ ಒಂದು ಧಾಟಿ ಕದ್ದ ಹುಡುಗನನ್ನು ಹೊಡೆದು ಕಲಿಸಲು ಹೇಳಿದ್ದರಂತೆ. ಅದು ಹುಡುಗನ ಕೈಯನ್ನೂ ಬಿಟ್ಟಿತು, ಬ್ಯಾಂಡಿನವನ ಕೈಗೂ ಮರಳಲಿಲ್ಲ. ಇವತ್ತಿಗೂ ನಮ್ಮ ಊರಿನ ಮದುವೆ ಮೆರವಣಿಗೆಯಲ್ಲಿ ಆ ಧಾಟಿ ಬರಬೇಕಾದ ಕಡೆ ಬ್ಯಾಂಡಿನವರು ಊದುವುದನ್ನು ನಿಲ್ಲಿಸಿ ಸುಮ್ಮನೆ ನಡೆಯುತ್ತಾರೆ. ಗಂಡು ಹೆಣ್ಣು, ಕುದುರೆ, ಎಲ್ಲರೂ ಆ ಮೌನದಲ್ಲಿ ಸ್ವಲ್ಪ ದೂರ ನಡೆದು ಹೋಗುತ್ತಾರೆ. ಅಂದಿನಿಂದ ನಮ್ಮ ಠಾಣೆಯಲ್ಲಿ ಯಾರ ಮೈಯನ್ನೂ ಮುಟ್ಟುವುದಿಲ್ಲ. ಚಹಾ ಕೊಡುತ್ತೇವೆ.

“ನಿನಗ ಯಾರ ಮ್ಯಾಲ ಅನುಮಾನವ್ವ?” ಎಂದು ಕೇಳಿದೆ.

“ಇನ್ನ್ಯಾರ ಮ್ಯಾಲ! ಆ ಎದುರಿನ ಖಾನಾವಳಿ ವಿರೂಪಣ್ಣ. ನನ್ನ ಗಾಡಿ ಮುಂದ ಮಂದಿ ನಿಂತ್ರ ಅವನ ಹೊಟ್ಟ್ಯಾಗ ಒಲಿ ಹತ್ತತೈತಿ.”

ವಿರೂಪಣ್ಣನನ್ನು ಕರೆಸಿದೆವು. ಬರುವಾಗಲೇ ಅರ್ಧ ಬೀದಿಗೆ ಕೇಳುವಂತೆ ಕೂಗುತ್ತ ಬಂದ. “ನಾ ಯಾಕ ಆಕಿ ಚುರುಮುರಿ ಕದೀಲಿ? ನನ್ನ ಕೈಯಾಗ ಏನ್ ಕಡಿಮಿ ಐತಿ?” ಒಲೆ ಹಚ್ಚಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆಹುಳಿ, ಚುರುಮುರಿ ಎಲ್ಲ ಮುಂದಿಟ್ಟು ನಾವು ಬೆನ್ನು ತಿರುಗಿಸಿದೆವು. ಅವನ ಕೂಗಾಟ ಸಣ್ಣದಾಗುತ್ತ ಬಂತು, ಎಣ್ಣೆಯ ಸದ್ದು ದೊಡ್ಡದಾಯಿತು. ಮುಗಿದ ಮೇಲೆ ನಮ್ಮ ಕಾನ್‌ಸ್ಟೇಬಲ್ ಜೈತುನಬಿ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ನಮ್ಮ ಠಾಣೆಯ ಬಾಯಿ ಅವಳೇ. ಒಮ್ಮೆ ತಿಂದದ್ದನ್ನು ಅವಳ ನಾಲಿಗೆ ಮರೆತದ್ದಿಲ್ಲ.

“ಸರ್, ಇದು ಇವರದ ಐತ್ರಿ,” ಎಂದಳು. “ಕೆಟ್ಟೈತಿ. ಆದ್ರ ಇವರದ.”

ವಿರೂಪಣ್ಣನಿಗೆ ನಿರಪರಾಧಿಯಾದ ಸಂತೋಷವೂ ಆಗಲಿಲ್ಲ.

ಇನ್ನೂ ಕೆಲವರನ್ನು ಕೂರಿಸಿದೆವು. ಯಾರ ಕೈಯಿಂದಲೂ ಹುಲಿಗೆವ್ವನದು ಬರಲಿಲ್ಲ. ಠಾಣೆ ತುಂಬ ಬೇಡದ ಗಿರ್ಮಿಟ್ಟೇ ಉಳಿಯಿತು. ಅತ್ತ ಹುಲಿಗೆವ್ವನ ಗಾಡಿಗೆ ಗೋಣಿತಟ್ಟು ಹೊದಿಸಿ ಆಗಿತ್ತು. ದಿನಾ ಬಂದು ಠಾಣೆಯ ಬೆಂಚಿನ ಮೇಲೆ ಕೂರುತ್ತಿದ್ದಳು.

“ಮಿರ್ಚಿನಾದರೂ ಮಾರಬಾರದೇನಕ್ಕಾ? ಅದು ಕೈಯಾಗ ಐತಲ್ಲ,” ಎಂದಳು ಜೈತುನಬಿ ಒಂದು ದಿನ.

“ಐತವ್ವ. ಅದು ನಮ್ಮವ್ವ ಕೊಟ್ಟದ್ದು. ಗಿರ್ಮಿಟ್ ಹಂಗಲ್ಲ, ಅದು ನನ್ನ ಕೈಯಾಗ ಹುಟ್ಟಿದ್ದು. ಗಂಡ ಸತ್ತ ವರ್ಷ ಏನೂ ಮಾಡಾಕ ಮನಸ್ಸಿಲ್ಲದ ಕೂತಿದ್ದೆ ನೋಡು, ಆಗ ಕೈ ತಾನ ಕಲಸಿದ್ದು. ಅದ ಹೋತು ಅಂದ್ರ ಮಿರ್ಚಿ ಕರಿಯಾಕರ ಯಾಕ ಏಳಬೇಕು ಅನಸತೈತಿ.”

“ನೀ ಕಲಸುವಾಗ ಯಾರರ ನೋಡಿದ್ದು ನೆನಪೈತೇನು?” ಎಂದೆ.

“ಯಾರೂ ಇಲ್ರಿ. ಎಲ್ಲಾರೂ ತಿರುಗ್ತಾರ. ನಾಯಿ ಸೈತ ತಿರುಗತೈತಿ.” ಸ್ವಲ್ಪ ತಡೆದು, ಆ ದುಃಖದಲ್ಲೂ ನಕ್ಕಳು. “ಅಡಿವೆಪ್ಪ ಒಬ್ಬ ತಿರುಗಂಗಿಲ್ಲ. ಅವಗ ಏನ್ ಕಾಣತೈತಿ, ಪಾಪ.”

ನಾನೂ ನಕ್ಕೆ. ಜೈತುನಬಿಯೂ ನಕ್ಕಳು.

ಅಡಿವೆಪ್ಪ ಸೈಕಲ್ ಸ್ಟ್ಯಾಂಡ್ ಕಾಯುವವನು. ಹುಟ್ಟು ಕುರುಡ. ಗಾಡಿಯಿಂದ ನಾಲ್ಕು ಮಾರು ದೂರದ ಸ್ಟೂಲಿನ ಮೇಲೆ ದಿನವಿಡೀ ಕೂತಿರುತ್ತಾನೆ. ಒಂದೊಂದು ಸೈಕಲ್ಲನ್ನೂ ಅದರ ಗಂಟೆ, ಚೈನಿನ ಸದ್ದಿನಿಂದ ಗುರುತು ಹಿಡಿಯುತ್ತಾನೆ. ಬೇರೆಯವರ ಸೈಕಲ್ ಮುಟ್ಟಿದರೆ “ಅದು ಮಾಸ್ತರರದ್ರೀ, ನಿಮ್ಮದು ಆ ಕಡಿ” ಎನ್ನುತ್ತಾನೆ. ಅವತ್ತು ಸಂಜೆ ನಾನು ನನ್ನ ಸೈಕಲ್ ತೆಗೆಯಲು ಹೋದೆ. ಅವನು ತನ್ನ ಲೋಕದಲ್ಲಿದ್ದ. ಬೆರಳುಗಳು ತೊಡೆಯ ಮೇಲೆ ಏನನ್ನೋ ಆಡಿಸುತ್ತಿದ್ದವು. ಕೆಳಗಿನಿಂದ ಮೇಲಕ್ಕೆ, ಮತ್ತೆ ಮಗ್ಗುಲಿಗೆ, ಗಾಳಿಯನ್ನೇ ಹಗುರಾಗಿ ಕಲಸಿದ ಹಾಗೆ. ಆಮೇಲೆ ಪಕ್ಕದ ಸೈಕಲ್ಲಿನ ಹ್ಯಾಂಡಲ್ಲಿಗೆ ಬೆರಳಿನ ಗೆಣ್ಣಿನಿಂದ ಬಡಿದ. ಟಣ್ ಟಣ್.

ನಾನು ಕೈ ಚಾಚಿದ್ದೆ! ಅಷ್ಟು ವರ್ಷದ ರೂಢಿ. ಚಾಚಿದ ಕೈ ಹಾಗೆಯೇ ನಿಂತಿತು. ಅದು ಹುಲಿಗೆವ್ವನದೇ ಸದ್ದು, ಅವಳು ಕಲಸಿ ಮುಗಿಸಿ ಬಡಿಯುವ ಹೊತ್ತಿಗೇ.

“ಅಡಿವೆಪ್ಪಾ,” ಎಂದೆ.

ಅವನ ಬೆರಳು ಸ್ತಬ್ಧವಾದವು. “ಹವಾಲ್ದಾರ್ರ... ನಾನ ಬರಾಂವ ಇದ್ದೆ,” ಎಂದ. “ನಾಳಿಗೆ ಹೋಗೂಣು, ನಾಳಿಗೆ ಹೋಗೂಣು ಅನ್ಕೋತ ಕುಂತೆ. ಇನ್ನೊಂದ ದಿನ ಕೈಯಾಗ ಇರಲಿ ಅಂತ.”

ಕಣ್ಣಿಲ್ಲದವನಿಗೆ ಕದಿಯಲು ಬರುವುದಿಲ್ಲ ಎಂದು ಇಡೀ ಊರು ನಂಬಿಕೊಂಡಿತ್ತು. ಕದಿಯುವುದೆಂದರೆ ನೋಡುವುದು ಎಂದೇ ನಾವು ತಿಳಿದಿದ್ದೆವು. ಅವನ ಮುಂದೆ ಯಾರೂ ಏನನ್ನೂ ಮುಚ್ಚಿಟ್ಟುಕೊಳ್ಳುತ್ತಿರಲಿಲ್ಲ, ಅವನಿಗೆ ತಿರುಗು ಎಂದು ಯಾರೂ ಹೇಳಿದವರಲ್ಲ. ಅವನೋ ವರ್ಷಗಟ್ಟಲೆ ಆ ಉಳ್ಳಾಗಡ್ಡಿ ಬಾಡುವ ಸದ್ದು, ಗೊಜ್ಜು ಗಟ್ಟಿಯಾಗುವ ಸದ್ದು, ಚುರುಮುರಿ ಮೆತ್ತಗಾಗುವ ಮುಂಚಿನ ಸದ್ದು ಕೇಳಿಸಿಕೊಂಡು ಕೂತಿದ್ದ.

ಠಾಣೆಗೆ ನಡೆದು ಬರುವಾಗ ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು ಹೇಳಿದ. “ಬೇಕಂತ ಮಾಡಿದ್ದಲ್ರಿ. ಒಂದ ಮುಂಜಾನೆ ಚುರುಮುರಿಗೆ ಎಣ್ಣಿ ಖಾರ ಹಚ್ಚಿಕೊಂಡು ತಿನ್ನೂಣು ಅಂತ ಕುಂತೆ. ಕೈ ತಾನ ಹೊಂಟಬಿಡ್ತು. ಹೆದರಿಕಿ ಆತು. ಆಮ್ಯಾಲ...”

“ಆಮ್ಯಾಲ?”

“ಆಮ್ಯಾಲ ಭಾಳ ಛಲೋ ಅನಿಸ್ತು. ನಮ್ಮಪ್ಪ ದರ್ಜಿ. ಕತ್ತರಿ ವಿದ್ಯೆ ತಮ್ಮಗ ಕೊಟ್ಟ. ನಮ್ಮವ್ವ ರೊಟ್ಟಿ ತಂಗಿಗೆ ಕೊಟ್ಲು. ಅವರದ ತಪ್ಪಲ್ಲ ಬಿಡ್ರಿ, ಕೊಟ್ರ ತಮ್ಮ ಕೈ ಖಾಲಿ ಆಗತೈತಿ, ಕಣ್ಣಿಲ್ಲದವನ ಕೈಗೆ ಹಾಕಿ ಯಾಕ ಹಾಳ ಮಾಡಬೇಕು? ನೋಡಿ ಕದಿಯೂಣು ಅಂದ್ರ ಕಣ್ಣಿಲ್ಲ. ನನ್ನ ಕೈಗೆ ಏನರ ಬರತೈತಿ ಅನ್ನೋದ ಇದ ಮೊದಲ ಸಲ ಗೊತ್ತಾಗಿದ್ದು.”

ಠಾಣೆಯ ಮೆಟ್ಟಿಲು ಬಂದಾಗ ಅವನ ಕೈ ಹಿಡಿದು ಹತ್ತಿಸಿದೆ.

ಬೆಂಚಿನ ಮೇಲೆ ಕೂತಿದ್ದ ಹುಲಿಗೆವ್ವ ಅವನನ್ನು ಕಂಡು ಮೊದಲು ಅವನ ಮನೆಯಲ್ಲೂ ಕಳವಾಗಿದೆ ಎಂದುಕೊಂಡಳು. “ನಿಂದೇನ್ ಹೋತೋ ತಮ್ಮಾ?” ಎಂದಳು. ನಾನು ವಿಷಯ ಹೇಳಿದ ಮೇಲೆ ಅವಳು ದಡಕ್ಕನೆ ಎದ್ದು ನಿಂತಳು.

“ಲೇ ಅಡಿವೆಪ್ಪಾ! ದಿನಾ ನಿನಗ ಬಿಸಿ ಬಿಸಿ ಪೊಟ್ಟಣ ತಂದು ಕೈಯಾಗ ಇಡ್ತಿದ್ದೆನಲ್ಲೋ! ಅವತ್ತು ಗಾಡಿ ಮುಂದ ನಾ ಸೌಟು ಹಿಡಕೊಂಡು ಅತ್ತೀನಿ, ನೀ ಅಲ್ಲೇ ಮಗ್ಗುಲಾಗ ಕುಂತು ಕೇಳಿಸ್ಕೋತಿದ್ದಿ ಹೌದಲ್ಲೋ?”

“ಕೇಳಿಸ್ತಿತ್ತಕ್ಕಾ. ನೀ ಅಳೋದು ಕೇಳಿಸಿದ ಮ್ಯಾಲ ಅದು ನನ್ನ ಕೈಯಾಗ ಛಲೋ ಬರವಲ್ತಾಗೇತಿ. ಹುಳಿ ಮುಂದಾಗತೈತಿ.”

“ಹುಳಿ ಯಾಕ ಮುಂದಾಗತೈತಿ? ಬೆಲ್ಲ ಯಾವಾಗ ಹಾಕ್ತಿ?” ಎಂದು ಕೇಳಿದವಳು ಅರ್ಧದಲ್ಲೇ ನಿಂತಳು. ಉತ್ತರ ತನಗೂ ಗೊತ್ತಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು. ಬೆಂಚಿನ ಮೇಲೆ ಕುಸಿದು ಕೂತಳು.

ಜೈತುನಬಿ ಒಲೆ ಹಚ್ಚಿದಳು. ಅಡಿವೆಪ್ಪ ಅಂಗಿಯ ತೋಳು ಮಡಚಿಕೊಂಡ. “ಅಕ್ಕಾ, ವಾಪಸ್ ಕೊಡ್ತೀನಿ. ಮನಸ್ಸಿಟ್ಟ ಕೊಡ್ತೀನಿ, ದಾರ್ಯಾಗ ಕೆಡಂಗಿಲ್ಲ. ಆದ್ರ ಅದಕ್ಕೂ ಮೊದಲ ಒಂದ ಸಲ ನನ್ನ ಕೈಯಿಂದ ನಿನಗ ಮಾಡಿ ತಿನಸ್ತೀನಿ. ಹೂಂ ಅಂತೀಯೇನು?”

ಅವಳು ಬೆಂಚಿನ ಮೇಲೇ ಗೋಡೆಗೆ ಮುಖ ಮಾಡಿ ಕೂತಳು. ನಾವು ಬೆನ್ನು ತಿರುಗಿಸಿದೆವು. ಬಹಳ ದಿನಗಳ ಮೇಲೆ ಆ ಸದ್ದು ಕೇಳಿಸಿತು. ಚಟಪಟ, ಆಮೇಲೆ ಗೊಜ್ಜಿನ ಸಣ್ಣ ಗುಳುಗುಳು, ಸರಸರ, ಟಣ್ ಟಣ್. ಹೊರಗೆ ಬೀದಿಯಲ್ಲಿ ಯಾರೋ ನಡೆಯುತ್ತಿದ್ದವರು ನಿಂತದ್ದು ನನಗೆ ಗೊತ್ತಾಯಿತು.

ಜೈತುನಬಿ ಒಂದು ಚಮಚ ತಿಂದು ಕಣ್ಣು ಮುಚ್ಚಿದಳು. ಸಾಕ್ಷಿ ಹೇಳುವ ಅಗತ್ಯವೇ ಬೀಳಲಿಲ್ಲ.

ಹುಲಿಗೆವ್ವ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ತಿಂದಳು. ನಿಧಾನವಾಗಿ ತಿಂದಳು. ಅವಳು ತನ್ನ ಗಿರ್ಮಿಟ್ಟನ್ನು ಬಿಸಿಯಾಗಿ ತಿಂದದ್ದೇ ಇಲ್ಲವಂತೆ. ಎಲ್ಲರಿಗೂ ಕೊಟ್ಟು, ಕೊನೆಗೆ ಬೋಗುಣಿಯ ತಳದಲ್ಲಿ ಮೆತ್ತಗಾಗಿ ಉಳಿದದ್ದನ್ನೇ ಅವಳು ಇಷ್ಟು ವರ್ಷ ತಿಂದದ್ದು.

“ಹಿಂಗಿರತೈತೇನು?” ಎಂದಳು, ಯಾರನ್ನೂ ಕೇಳದೆ. ಆಮೇಲೆ ಅಡಿವೆಪ್ಪನಿಗೆ, “ಹುಳಿ ಮುಂದಾಗಿಲ್ಲೋ. ಸುಳ್ಳ ಹೇಳಬ್ಯಾಡ.”

ಅವನು ಕಲಿಸಿದ. ಅವಳನ್ನು ಹತ್ತಿರ ಕೂರಿಸಿಕೊಂಡು, ಈ ಸದ್ದು ಬಂದಾಗ ಉರಿ ಇಳಿಸು, ಈ ಸದ್ದು ನಿಂತಾಗ ಬೆಲ್ಲ ಹಾಕು ಎಂದು ಒಂದೊಂದನ್ನೂ ಹೇಳಿಕೊಟ್ಟ. ಅವಳ ಕೈ ತಡವರಿಸುತ್ತ ಶುರುವಾದದ್ದು ನಡುವೆ ಎಲ್ಲೋ ಸರಾಗವಾಯಿತು. ಅದೇ ಗಳಿಗೆಗೆ ಅವನ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ತಡಕಲಿಲ್ಲ. ಎರಡೂ ಅಂಗೈಯನ್ನು ತೊಡೆಯ ಮೇಲೆ ಬೋರಲು ಹಾಕಿ ಕೂತ. ಹುಲಿಗೆವ್ವ ಸೌಟಿನಿಂದ ಬೋಗುಣಿಯ ಅಂಚಿಗೆ ಬಡಿದಳು.

“ಬಂತೇನಕ್ಕಾ?”

“ಬಂತು.”

“ಛಲೋ ಆತು,” ಎಂದು ಎದ್ದು ಬಾಗಿಲು ಹುಡುಕತೊಡಗಿದ.

ಕಾನೂನಿನ ಪ್ರಕಾರ ಅಲ್ಲಿಗೆ ಕೇಸು ಮುಗಿಯಿತು. ಮಾಲು ಮಾಲೀಕರಿಗೆ ಸೇರಿತು, ಆರೋಪಿ ತಾನಾಗಿ ಒಪ್ಪಿಸಿದ. ನಾನು ಹಾಗೆಂದು ಹೇಳಲು ಬಾಯಿ ತೆರೆದೆ. ಆದರೆ ಹುಲಿಗೆವ್ವ ಗೋಡೆಯ ಕೈಕೋಳಕ್ಕೆ ತೂಗು ಹಾಕಿದ್ದ ಜಾಲರಿಯನ್ನು ನೋಡುತ್ತಿದ್ದಳು.

“ಜೈತುನವ್ವಾ, ಠಾಣ್ಯಾಗ ಕಡ್ಲಿ ಹಿಟ್ಟು ಐತೇನು?”

“ಐತಕ್ಕಾ. ಯಾಕ?”

“ಉದ್ದನ್ನ ಮೆಣಸಿನಕಾಯಿ ಒಂದಿಷ್ಟು ತರಸು.” ಬಾಗಿಲ ಬಳಿ ನಿಂತವನಿಗೆ, “ನೀ ಎಲ್ಲಿಗೆ ಹೊಂಟಿ? ಕೈ ತೊಳಕೊಂಡು ಬಾ ಇಲ್ಲಿ.”

“ಯಾಕಕ್ಕಾ?”

“ಗಿರ್ಮಿಟ್ ಕಲಸೋದು, ಮಿರ್ಚಿ ಕರಿಯೋದು, ಎರಡೂ ಒಬ್ಬಾಕಿಗೆ ಆಗವಲ್ದು. ಇತ್ತ ಕಲಸ್ತಿದ್ರ ಅತ್ತ ಹೊತ್ತತಾವು. ಮಿರ್ಚಿ ನೀ ತಗೋ.”

“ಹುಲಿಗೆವ್ವಾ,” ಎಂದೆ ನಾನು, “ಕೊಟ್ಟರ ನಿನ್ನ ಕೈಯಾಗ ಇರಂಗಿಲ್ಲ. ನಿಮ್ಮವ್ವ ಕೊಟ್ಟದ್ದು ಅಂದಿ.”

“ನಮ್ಮವ್ವ ನನಗ ಕೊಟ್ಟು ಬರಿಗೈಲೆ ಕುಂತಿದ್ಲಲ್ರಿ, ಆಕಿಗೇನ್ ಆತು? ದಿನಾ ನನ್ನ ಗಾಡಿಗೆ ಬಂದು ತಿಂದು, ಉಪ್ಪ ಕಡಿಮಿ ಅಂತ ಬೈದು ಹೋಗ್ತಿದ್ಲು. ಇನ್ನ ಮ್ಯಾಲ ಇವಗ ನಾ ಬೈತೀನಿ.” ಅಡಿವೆಪ್ಪನ ಕಡೆ ತಿರುಗಿ, “ಏನೋ, ಬೈಸ್ಕೋತೀಯಿಲ್ಲೋ?”

ಅವನು ಹೂಂ ಎಂದು ತಲೆ ಆಡಿಸಿದ.

ನೋಡಿ ಕಲಿಯಲು ಅವನಿಗಾಗದು, ಕೇಳಿ ಕಲಿಯಲಿ ಎಂದು ಬಿಡೋಣವೆಂದರೆ ಮುಂದಿರುವುದು ಕಾದ ಎಣ್ಣೆ. ಹುಲಿಗೆವ್ವ ಅವನ ಹಿಂದೆ ನಿಂತು ಅವನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದಳು. ಹಿಟ್ಟನ್ನು ಕೂಡಿ ಕಲಸಿದರು, ಮೆಣಸಿನಕಾಯಿಯ ಹೊಟ್ಟೆಯನ್ನು ಕೂಡಿ ಸೀಳಿದರು. ಅಂಗೈಯನ್ನು ಬಾಣಲೆಯ ಮೇಲೆ ಎಷ್ಟು ಎತ್ತರಕ್ಕೆ ಹಿಡಿದರೆ ಎಣ್ಣೆ ಕಾದದ್ದು ಗೊತ್ತಾಗುತ್ತದೆ ಎಂದು ತೋರಿಸಿದಳು. ನಾನೂ ಜೈತುನಬಿಯೂ ಗೋಡೆಗೆ ಮುಖ ಮಾಡಿ ನಿಂತಿದ್ದೆವು. ಬೆನ್ನ ಹಿಂದೆ ಎಣ್ಣೆ ಸುಯ್ ಎಂದಿತು. ಕೆಲವು ಮಿರ್ಚಿ ಕರಿದಾದ ಮೇಲೆ ಹುಲಿಗೆವ್ವನ ದನಿ ಕೇಳಿಸಿತು. “ಇನ್ನ ನನ್ನ ಕೈ ಬಿಡೋ. ನನಗ ಬರವಲ್ದು.”

ಈಗ ಗಾಡಿಯ ಪಕ್ಕದಲ್ಲಿ ಇನ್ನೊಂದು ಒಲೆ. ಅಡಿವೆಪ್ಪ ಮಿರ್ಚಿ ಕರಿಯುತ್ತಲೇ ಸೈಕಲ್ಲುಗಳನ್ನು ಕಾಯುತ್ತಾನೆ. ಹುಲಿಗೆವ್ವ ಕಲಸಲು ಶುರುಮಾಡಿದರೆ ಅವನು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಜೋರಾಗಿ ಏನಾದರೂ ಹಾಡುತ್ತಾನೆ. ಹಾಡು ಕೆಟ್ಟದಾಗಿರುತ್ತದೆ, ಅದನ್ನು ಯಾರೂ ಕದಿಯುವುದಿಲ್ಲ ಎಂದು ವಿರೂಪಣ್ಣ ತನ್ನ ಖಾನಾವಳಿಯಿಂದಲೇ ಕೂಗುತ್ತಾನೆ. ಅವಳು ಕಲಸಿ ಮುಗಿಸಿ ಅವನ ತೋಳು ತಟ್ಟಿದರೆ ಹಾಡು ನಿಲ್ಲುತ್ತದೆ.

ಗಾಡಿ ಮತ್ತೆ ಶುರುವಾದ ದಿನ ಸಂಜೆ ನಾನೂ ಹೋಗಿದ್ದೆ. ಗಿರ್ಮಿಟ್ ಆಯಿತು, ಎಲ್ಲರೂ ಪೊಟ್ಟಣ ತೆಗೆದುಕೊಂಡರು. ಇನ್ನು ಮಿರ್ಚಿ. ಅಡಿವೆಪ್ಪ ಹಿಟ್ಟಿನಲ್ಲಿ ಕೈ ಅದ್ದಿದವನು ಹಾಗೇ ನಿಂತ.

“ಎಲ್ಲಾರೂ ತಿರುಗೀರೇನ್ರಿ?” ಎಂದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಮುಂದೆ ತಿರುಗಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಗಡಬಡಿಸಿ ಬೆನ್ನು ಹಾಕಿದರು, ಚಪ್ಪಲಿಗಳು ನೆಲ ಕೆರೆದವು.

“ತಿರುಗೀವೋ ಮಾರಾಯಾ, ಕರಿ ಇನ್ನ,” ಎಂದಿತು ಒಂದು ದನಿ.

“ಹವಾಲ್ದಾರ್ರು ತಿರುಗಿಲ್ಲ.”

ಹೌದು, ನಾನು ತಿರುಗಿರಲಿಲ್ಲ. ಅವನ ಕೈ ಹಿಟ್ಟಿನಲ್ಲಿ ಆಡುವುದನ್ನು ನೋಡುತ್ತ ಮೈಮರೆತಿದ್ದೆ. “ಅದ್ಹೆಂಗ ಗೊತ್ತಾತೋ ನಿನಗ?”

“ನಿಮ್ಮ ಉಸಿರು ಇನ್ನೂ ನನ್ನ ಕಡೇನ ಬರಾಕತ್ತೈತ್ರಿ,” ಎಂದ ಅಡಿವೆಪ್ಪ. “ಪೊಲೀಸರ ಹಿಂಗ ನಿಂತ್ರ ಬಡವರು ಎಲ್ಲಿ ಕಂಪ್ಲೇಂಟ್ ಕೊಡಬೇಕು?”

ಬೆನ್ನು ತಿರುಗಿಸಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ನಾನು ಟೋಪಿ ಸರಿಮಾಡಿಕೊಂಡು ಟಾಕೀಜಿನ ಕಡೆ ತಿರುಗಿದೆ. ನನ್ನ ಮಗ್ಗುಲಲ್ಲಿ ಹುಲಿಗೆವ್ವ ಆಗಲೇ ಸೆರಗು ಹೊದ್ದು, ಪೋಸ್ಟರ್ ನೋಡುತ್ತ, ಗಿರಾಕಿಗಳ ಸಾಲಿನಲ್ಲಿ ಬೆನ್ನು ಕೊಟ್ಟು ನಿಂತಿದ್ದಳು. ಹಿಂದೆ ಮೊದಲ ಮಿರ್ಚಿ ಎಣ್ಣೆಗೆ ಬಿತ್ತು.